ಪ್ಯಾಡು, ಬಿಗಿ, ಆಮೇಲೆ ಧ್ವನಿ: ಹಳೇ ಓಪನ್ ಬ್ಯಾಕ್ ಹೆಡ್‌ಫೋನಿನ ರಿಪೇರಿ

ಈ ಹೆಡ್‌ಫೋನ್ ಕೈಗೆ ಬಂದಾಗ ಅದರ ಮೇಲೆ ಮೂರು ದೂರುಗಳಿದ್ದವು. ಎಡಗಡೆ ತಗ್ಗಿನ ಸ್ವರ ಬಂದಾಗಲೆಲ್ಲ ಸಣ್ಣಗೆ ಜಿರ್ರೆನ್ನುವ ಸದ್ದು. ಅರ್ಧ ಗಂಟೆ ಹಾಕಿಕೊಂಡರೆ ದವಡೆ ನೋವು. ಮೂರನೆಯದು, ಹಿಂದೆ ಬಳಸುತ್ತಿದ್ದವರ ಮಾತಿನಲ್ಲೇ ಹೇಳುವುದಾದರೆ, "ಮೊದಲಿನ ಮಜಾ ಹೋಗಿದೆ". ಮೊದಲೆರಡು ಕೈಗೆ ಸಿಗುವಂಥ ದೂರುಗಳು. ಮೂರನೆಯದು ಹಾಗಲ್ಲ. ಕಿವಿ ಬದಲಾಯಿತೋ, ಹೆಡ್‌ಫೋನ್ ಬದಲಾಯಿತೋ, ಬೇರೆ ಯಾವುದೋ ಒಳ್ಳೆಯದನ್ನು ಕೇಳಿ ಬಂದು ಇದು ಸಪ್ಪೆ ಅನ್ನಿಸಿತೋ, ಹೇಳುವುದು ಹೇಗೆ? ಓಪನ್ ಬ್ಯಾಕ್, ಅಂದರೆ ಕಪ್ಪಿನ ಹಿಂಬದಿ ಮುಚ್ಚದೆ ಜಾಲರಿ ಬಿಟ್ಟ ಬಗೆ, ಅಂದಮೇಲೆ ಮೊದಲ ಅನುಮಾನ ಪ್ಯಾಡಿನ ಮೇಲೇ. ಕಿವಿಯ ಸುತ್ತ ಕೂರುವ ಆ ಮೆತ್ತೆ ಬರೀ ಸುಖಕ್ಕೆ ಇರುವುದಲ್ಲ, ಸದ್ದು ಹುಟ್ಟಿಸುವ ಡ್ರೈವರ್‌ನಷ್ಟೇ ಅದೂ ಧ್ವನಿಯ ಭಾಗ.

ಜೋಡಿಯ ಜಾತಕ ಇಷ್ಟು: ಡೈನಾಮಿಕ್ (ಸುರುಳಿ, ಅಯಸ್ಕಾಂತದಿಂದ ಅಲುಗುವ) ಡ್ರೈವರ್, 300 ಓಮ್ ವಿದ್ಯುತ್ ಪ್ರತಿರೋಧ, ಕಿವಿಯನ್ನು ಸುತ್ತುವರಿಯುವ ಮೊಟ್ಟೆಯಾಕಾರದ ವೆಲ್ವೆಟ್ ಪ್ಯಾಡ್, ಎರಡೂ ಕಪ್‌ಗೆ ಬೇರೆ ಬೇರೆಯಾಗಿ ಚುಚ್ಚುವ, ಕಿತ್ತು ತೆಗೆಯಬಹುದಾದ ಕೇಬಲ್. ಬಿಚ್ಚಲು ಸುಲಭ, ಬಿಚ್ಚಬೇಕಾದ ಕಡೆ ಎಲ್ಲೂ ಅಂಟು ಇಲ್ಲ.

ಬಿಚ್ಚುವ ಮೊದಲು ಕೇಳಿ ಬರೆದಿಟ್ಟುಕೊಂಡೆ

ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ಇದ್ದಹಾಗೇ ಕೇಳಬೇಕು. ಒಮ್ಮೆ ಬಿಚ್ಚಿದ ಮೇಲೆ "ಮೊದಲು ಹೇಗಿತ್ತು" ಅನ್ನುವುದಕ್ಕೆ ಸಾಕ್ಷಿ ಇರುವುದಿಲ್ಲ. ಹಾಡು ಬೇಡ, ಮೊದಲು ಮಾತು. ಒಬ್ಬರೇ ಓದುತ್ತಿರುವ ಧ್ವನಿಯನ್ನು ಮೋನೋ ಮಾಡಿ ಹಾಕಿದೆ. ಎರಡೂ ಕಡೆ ಒಂದೇ ಸಂಕೇತ ಹೋದರೆ ಧ್ವನಿ ತಲೆಯ ನಟ್ಟನಡುವೆ ನಿಲ್ಲಬೇಕು. ಇಲ್ಲಿ ವಿಚಿತ್ರವಾಗಿತ್ತು. ಮಾತಿನ ಮೈ, ಅಂದರೆ ಎದೆಯಿಂದ ಬರುವ ತುಂಬಿದ ಭಾಗ, ಬಲಕ್ಕೆ ವಾಲಿತ್ತು. 'ಸ', 'ಶ', 'ಚ' ಬಂದಾಗ ಮಾತ್ರ ಅದೇ ಧ್ವನಿ ಎಡಕ್ಕೆ ಹಾರುತ್ತಿತ್ತು. ಒಬ್ಬನೇ ಮನುಷ್ಯ ಎರಡು ಕಡೆ ಕೂತು ಓದಿದ ಹಾಗೆ.

ಬರೀ ಒಂದು ಕಡೆ ವಾಲಿದ್ದರೆ ಕಾರಣ ನೂರಿರಬಹುದು. ಹೀಗೆ ಸೀಳಿಕೊಂಡರೆ ಡ್ರೈವರ್ ದುರ್ಬಲವಾಗಿದೆ ಎಂದು ಹೇಳಿಬಿಡುವಂತಿಲ್ಲ. ತಗ್ಗಿನ ಧ್ವನಿ ಎಲ್ಲೋ ಸೋರುತ್ತಿದೆ, ಮೇಲಿನದನ್ನು ತಡೆಯಬೇಕಾದ್ದು ಏನೋ ಇಲ್ಲವಾಗಿದೆ ಅಂತ ಅರ್ಥ. ಆದರೂ ಕಪ್‌ಗಳಿಂದ ಕೇಬಲ್ ಕಿತ್ತು, ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಚುಚ್ಚಿ ನೋಡಿದೆ. ದೋಷ ಕೇಬಲ್ಲಿನದೋ ಫೋನಿನದೋ ಆಗಿದ್ದರೆ ವಾಲುವಿಕೆಯೂ ಜಾಗ ಬದಲಿಸಬೇಕಿತ್ತು. ಬದಲಿಸಲಿಲ್ಲ. ಹೆಡ್‌ಫೋನನ್ನೇ ತಿರುಗುಮುರುಗಾಗಿ ಹಾಕಿಕೊಂಡೆ, ಆಗ ಬದಲಾಯಿತು. ಕಿವಿ ಬಚಾವ್, ಎಡ ಕಪ್ ಆರೋಪಿ.

ಆಮೇಲೆ 20 ಹರ್ಟ್ಸ್‌ನಿಂದ 200ರವರೆಗೆ ನಿಧಾನಕ್ಕೆ ಏರುವ ಶುದ್ಧ ಸ್ವರ. ಜಿರ್ರೆನ್ನುವ ಸದ್ದು ಎಡಗಡೆ 30ರಿಂದ 60ರ ನಡುವೆ ಮಾತ್ರ, ಅದೂ ಸದ್ದು ಸ್ವಲ್ಪ ಏರಿಸಿದಾಗ. ಡ್ರೈವರಿನಲ್ಲಿ ಅಲುಗಿ ಸದ್ದು ಮಾಡುವ ತೆಳು ಹಾಳೆ, ಅಂದರೆ ಡಯಾಫ್ರಮ್, ಅತಿ ಹೆಚ್ಚು ಅಲುಗುವುದು ಈ ತಗ್ಗಿನಲ್ಲೇ. ಅಷ್ಟು ಅಲುಗಿದಾಗ ಮಾತ್ರ ಏನೋ ತಗಲುತ್ತಿದೆ ಅಂದರೆ ಅದು ಕೂದಲೇ ಇರುವ ಸಾಧ್ಯತೆ ಹೆಚ್ಚು. ಓಪನ್ ಬ್ಯಾಕ್‌ಗಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, "ಡ್ರೈವರ್ ಸುಟ್ಟಿದೆ" ಎಂದು ಮೂಲೆಗೆ ಬಿದ್ದ ಎಷ್ಟೋ ಜೋಡಿಗಳ ಕಥೆ ಒಂದು ತಲೆಗೂದಲಿನದು.

ಮಲ್ಟಿಮೀಟರ್ ಹಿಡಿದು ಎರಡೂ ಕಪ್‌ಗಳ ಪಿನ್ ಮುಟ್ಟಿದೆ. ಎರಡೂ 300ರ ಆಸುಪಾಸು. ಪ್ರೋಬ್ ತಗುಲಿದ ಕ್ಷಣ ಡ್ರೈವರ್ ಒಳಗಿಂದ ಟಿಕ್ ಎಂದು ಸದ್ದು ಬರುತ್ತದೆ, ಅದು ಬಂದರೆ ಒಳಗಿನ ತಂತಿಸುರುಳಿ (ಕಾಯಿಲ್) ಜೀವಂತ. ಈ 300 ಓಮ್‌ನವಕ್ಕೆ ಇನ್ನೊಂದು ಅನುಕೂಲವಿದೆ. ತುಕ್ಕು ಹಿಡಿದ ಪಿನ್ನಿನಿಂದ ಒಂದೆರಡು ಓಮ್ ಹೆಚ್ಚಾದರೂ ಧ್ವನಿಯಲ್ಲಿ ಗೊತ್ತಾಗುವುದಿಲ್ಲ. 1 ಡೆಸಿಬಲ್ ಇಳಿಯಬೇಕಾದರೆ ಸುಮಾರು 36 ಓಮ್ ಅಡ್ಡ ಬರಬೇಕು. 16 ಅಥವಾ 32 ಓಮ್‌ನ ಹೆಡ್‌ಫೋನಿಗೆ ಈ ಐಷಾರಾಮ ಇಲ್ಲ.

ಎಡ ಕಪ್ಪಿನ ಒಳಗೆ

ಪ್ಯಾಡ್ ಎಳೆದಾಗಲೇ ಅರ್ಧ ಉತ್ತರ ಸಿಕ್ಕಿತು. ಪ್ಯಾಡಿನ ಹಿಂದೆ ಒಂದು ಪ್ಲಾಸ್ಟಿಕ್ ಉಂಗುರ, ಅದರ ಸುತ್ತ ಪುಟ್ಟ ಪುಟ್ಟ ಕೊಂಡಿಗಳು. ಒಂದೊಂದೂ ಟಕ್ ಎಂದು ಕೂರಬೇಕು. ಎಡದ ಪ್ಯಾಡಿನಲ್ಲಿ ದವಡೆಯ ಕಡೆಯ ಕೊಂಡಿ ಕೂತೇ ಇರಲಿಲ್ಲ. ಹೊರಗಿನಿಂದ ನೋಡಿದರೆ ಏನೂ ಕಾಣದು, ಉಗುರು ಹಾಕಿ ಸವರಿದರೆ ಸಂದು ಸಿಗುತ್ತಿತ್ತು. ಮಾತಿನ ಮೈ ಸೋರಿಹೋಗುತ್ತಿದ್ದ ದಾರಿ ಅದು.

ಉಳಿದರ್ಧ ಉತ್ತರ ಪ್ಯಾಡಿನ ಒಳಗಿತ್ತು. ಡ್ರೈವರ್ ಮುಂದೆ ತೆಳ್ಳನೆಯ ಸ್ಪಂಜಿನ ಬಿಲ್ಲೆಯೊಂದು ಇರುತ್ತದೆ. ಧೂಳು ತಡೆಯುವುದು ಅದರ ಒಂದು ಕೆಲಸ, ಟ್ರೆಬಲ್‌ನ ಚೂಪು ತುಸು ತಗ್ಗಿಸುವುದು ಇನ್ನೊಂದು. ಪಾಲಿಯುರೆಥೇನ್ ಸ್ಪಂಜು ವರ್ಷಗಟ್ಟಲೆ ಬೆವರು, ತೇವ ಕುಡಿದು ಅಂಟಂಟಾಗಿ ಕೊನೆಗೆ ಪುಡಿಯಾಗುತ್ತದೆ. ಬಲದ್ದು ಇನ್ನೂ ಬಿಲ್ಲೆಯಾಗಿಯೇ ಇತ್ತು. ಎಡದ್ದು ಮುಟ್ಟಿದರೆ ಕಪ್ಪು ಹಿಟ್ಟು. ಸಕಾರ ಎಡಕ್ಕೆ ಹಾರುತ್ತಿದ್ದುದು ಅದಕ್ಕೇ.

ಕೂದಲನ್ನು ಹುಡುಕಲು ಮೇಜಿನ ದೀಪವನ್ನು ಓರೆಯಾಗಿ, ಕಪ್ಪಿನ ಅಂಚನ್ನು ಸವರಿಕೊಂಡು ಹೋಗುವಂತೆ ಇಟ್ಟೆ. ನೇರ ಬೆಳಕಿನಲ್ಲಿ ಡ್ರೈವರಿನ ಜಾಲರಿ ಬಿಟ್ಟರೆ ಏನೂ ಕಾಣುವುದಿಲ್ಲ. ಓರೆ ಬೆಳಕು ಬಿದ್ದಾಗ ಜಾಲರಿಯ ಒಂದು ಕಣ್ಣಿನಿಂದ ಎರಡು ಮಿಲಿಮೀಟರಿನಷ್ಟು ತುಂಡೊಂದು ಮಿಂಚಿತು. 40 ಹರ್ಟ್ಸ್ ಸ್ವರವನ್ನು ಮೆಲ್ಲಗೆ ಹಾಕಿ ಬಿಟ್ಟರೆ ಆ ತುದಿ ಮಂಜುಮಂಜಾಗುತ್ತದೆ, ಅಂದರೆ ಇನ್ನೊಂದು ತುದಿ ಡಯಾಫ್ರಮ್ಮಿಗೆ ತಗುಲಿ ಕುಣಿಯುತ್ತಿದೆ. ಖಾತ್ರಿ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆ ಉಪಾಯ ನನಗೆ ಗೊತ್ತಿಲ್ಲ.

ತೆಗೆಯುವಾಗ ಉಕ್ಕಿನ ಚಿಮಟ ಹತ್ತಿರಕ್ಕೂ ಬರಬಾರದು. ಡ್ರೈವರಿನ ಅಯಸ್ಕಾಂತ ಅದನ್ನು ಕೈಯಿಂದ ಕಸಿದುಕೊಂಡು ಜಾಲರಿಯ ಮೂಲಕ ಡಯಾಫ್ರಮ್ಮಿಗೇ ಚುಚ್ಚಿಸಿಬಿಡುತ್ತದೆ. ಪ್ಲಾಸ್ಟಿಕ್ ಚಿಮಟ ಬೇಕು. ಗಾಳಿಯ ಡಬ್ಬಿಯಿಂದ ಊದುವುದು, ವ್ಯಾಕ್ಯೂಮ್ ಹಿಡಿಯುವುದು, ಅಂಟುಪಟ್ಟಿ ಒತ್ತಿ ಎಳೆಯುವುದು ಮೂರೂ ಬೇಡ. ಆ ಹಾಳೆ ಅಷ್ಟು ತೆಳು, ಒಮ್ಮೆ ಕುಳಿ ಬಿದ್ದರೆ ಸರಿಹೋಗುವ ಭರವಸೆ ಇಲ್ಲ. ಸ್ವರವನ್ನು ನಿಲ್ಲಿಸಿ, ತುದಿ ಹಿಡಿದು, ಕೂದಲು ಬಾಗಿದ ದಿಕ್ಕಿನಲ್ಲೇ ಎಳೆದೆ. ಬೆರಳಿನ ಅಗಲದಷ್ಟು ಉದ್ದದ ಬಿಳಿಗೂದಲು. ಮತ್ತೆ 30, 40, 60 ಹಾಕಿದೆ. ಸ್ವಚ್ಛ.

ಹಿಂದುಗಡೆಯ ಗ್ರಿಲ್ ತೆಗೆದು ಮೆತ್ತನೆ ಬ್ರಷ್‌ನಿಂದ ಧೂಳು ಕೊಡವಿದೆ, ಅಷ್ಟೇ. ಡ್ರೈವರಿನ ಬೆನ್ನಿಗೆ ಅಂಟಿಸಿರುವ ಕಾಗದದಂಥ ಬಿಲ್ಲೆಯನ್ನು ಮಾತ್ರ ಮುಟ್ಟಲಿಲ್ಲ. ಓಪನ್ ಬ್ಯಾಕ್ ಎಂದರೆ ಹಿಂದೆ ಬಾಗಿಲು ಪೂರಾ ತೆರೆದಿಟ್ಟ ಮನೆಯಲ್ಲ, ಗಾಳಿ ಎಷ್ಟು ತಡೆದು ಎಷ್ಟು ಬಿಡಬೇಕು ಎನ್ನುವುದನ್ನು ಆ ಕಾಗದ ನೋಡಿಕೊಳ್ಳುತ್ತದೆ. "ಇನ್ನಷ್ಟು ಓಪನ್ ಮಾಡೋಣ" ಎಂದು ಅದನ್ನು ಕಿತ್ತುಹಾಕುವವರಿದ್ದಾರೆ. ಡ್ರೈವರ್ ತಾನಾಗಿ ಹೆಚ್ಚು ಕುಣಿಯುವ ಸ್ವರದಲ್ಲಿ, ಅಂದರೆ ಅನುರಣನಕ್ಕೆ, ಲಗಾಮು ತಪ್ಪಿ ಬೇಸ್ ಗುಂಯ್‌ಗುಡುತ್ತದೆ, ಅದನ್ನೇ ಅವರು ಸುಧಾರಣೆ ಅನ್ನುತ್ತಾರೆ.

ಕೇಬಲ್

ಪ್ಲಗ್ಗಿನ ಬುಡದಲ್ಲಿ ಬಗ್ಗಿಸಿದರೆ ಕರಕರ. ಮಾಮೂಲಿ ಜಾಗ. ಅಲ್ಲಿಗೆ ಕತ್ತರಿಸಿ ಹೊಸ ಪ್ಲಗ್ ಹಾಕಿದೆ. ಒಳಗಿನ ಎಳೆಗಳಿಗೆ ಬಣ್ಣದ ಎನಾಮಲ್ ಲೇಪ ಇರುತ್ತದೆ, ಅದು ಹೋಗದ ಹೊರತು ಸೋಲ್ಡರ್ ಹಿಡಿಯದು. ಬೆಸುಗೆ ಕಬ್ಬಿಣದ ತುದಿಯಲ್ಲಿ ದಪ್ಪಗೆ ಸೋಲ್ಡರ್ ತೊಟ್ಟು ನಿಲ್ಲಿಸಿ, 380 ಡಿಗ್ರಿಯ ಆಸುಪಾಸಿನಲ್ಲಿ ಎಳೆಯ ತುದಿಯನ್ನು ಅದರಲ್ಲಿ ಅದ್ದಿ ಹಿಡಿದರೆ ಲೇಪ ಸುಟ್ಟು ತಾಮ್ರ ಬೆಳ್ಳಗಾಗುತ್ತದೆ. ಹೊಗೆ ಮೂಗಿಗೆ ಒಳ್ಳೆಯದಲ್ಲ, ಕಿಟಕಿ ತೆಗೆದಿಡಿ. ಪ್ಲಗ್ಗಿನ ಕವಚವನ್ನು ಬೆಸುಗೆಗೆ ಮುಂಚೆಯೇ ಕೇಬಲ್ಲಿಗೆ ಪೋಣಿಸಿಕೊಳ್ಳಬೇಕು ಎಂದು ಬೇರೆ ಹೇಳಬೇಕಿಲ್ಲ.

ಧ್ರುವ ಸರಿಯಾಗಿದೆಯೇ ಎಂದು ನೋಡಿಯೇ ಪ್ಲಗ್ ಮುಚ್ಚಬೇಕು. ಒಂದು ಕಡೆ ಪ್ಲಸ್, ಮೈನಸ್ ಅದಲುಬದಲಾದರೆ ಹೆಡ್‌ಫೋನ್ ಹಾಡುತ್ತದೆ, ಆದರೆ ಮೋನೋ ಧ್ವನಿ ನಡುವೆ ನಿಲ್ಲದೆ ತಲೆಯ ಸುತ್ತ ಎಲ್ಲೆಲ್ಲೋ ಚೆಲ್ಲಿಕೊಳ್ಳುತ್ತದೆ. ಕೆಲವರು ಇದನ್ನು "ಅಬ್ಬಾ, ಎಷ್ಟು ವಿಶಾಲ" ಎಂದು ಮೆಚ್ಚಿಕೊಂಡುಬಿಡುತ್ತಾರೆ.

ಪ್ಯಾಡ್: ಹಳೆಯದಕ್ಕೂ ಹೊಸದಕ್ಕೂ ಎಷ್ಟು ದೂರ

ಹಳೇ ಪ್ಯಾಡನ್ನು ಹೊಸದರ ಪಕ್ಕ ಇಟ್ಟರೆ ದಪ್ಪ ಅರ್ಧಕ್ಕಿಂತ ಕಡಿಮೆ. ಇದರಿಂದ ಎರಡು ಪೆಟ್ಟು. ಕಿವಿಯ ಹಾಲೆ ಒಳಗಿನ ಪ್ಲಾಸ್ಟಿಕ್ಕಿಗೆ ತಗುಲಿ ನೋಯುತ್ತದೆ, ಜೊತೆಗೆ ಡ್ರೈವರ್ ಕಿವಿಗೆ ತೀರಾ ಹತ್ತಿರ ಬರುತ್ತದೆ. ಕಿವಿ ಮತ್ತು ಡ್ರೈವರ್ ನಡುವಿನ ಗಾಳಿಯ ಜಾಗ ಬದಲಾದರೆ ಮಧ್ಯಮದಿಂದ ಮೇಲಕ್ಕೆ ಎಲ್ಲ ಬದಲಾದಂತೆ. "ಮಜಾ ಹೋಗಿದೆ" ಎಂಬ ದೂರಿಗೆ ಅರ್ಥ ಸಿಕ್ಕಿದ್ದು ಇಲ್ಲಿ. ಪ್ಯಾಡ್ ಒಂದೇ ದಿನದಲ್ಲಿ ಸಾಯುವುದಿಲ್ಲ, ತಿಂಗಳಿಗೆ ಇಷ್ಟಿಷ್ಟೇ ಕುಗ್ಗುತ್ತದೆ. ಕಿವಿ ಅದರ ಜೊತೆಗೇ ಹೊಂದಿಕೊಂಡು ಹೋಗುವುದರಿಂದ ಯಾವಾಗ ಹೋಯಿತು ಎಂದು ಯಾರಿಗೂ ಹೇಳಲಾಗದು.

ಪ್ಯಾಡ್ ಹೋಲಿಸುವುದರಲ್ಲಿ ಒಂದು ತೊಡಕಿದೆ. ಕಿತ್ತು ಹಾಕಲು ಒಂದೆರಡು ನಿಮಿಷ ಹಿಡಿಯುತ್ತದೆ, ಧ್ವನಿಯ ಸೂಕ್ಷ್ಮ ನೆನಪು ಕೆಲವು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಿಲ್ಲ. ಹಾಗಾಗಿ ಎಡಕ್ಕೆ ಹೊಸ ಪ್ಯಾಡ್ ಮತ್ತು ಹೊಸ ಬಿಲ್ಲೆ, ಬಲಕ್ಕೆ ಹಳೆಯದೇ ಇಟ್ಟು, ಮೋನೋ ಪಿಂಕ್ ನಾಯ್ಸ್ (ತಗ್ಗಿನಿಂದ ಮೇಲಿನವರೆಗೆ ಎಲ್ಲ ಸ್ವರ ಬೆರೆತ ಮೊರೆತ) ಹಾಕಿ ಬ್ಯಾಲೆನ್ಸ್ ಗುಂಡಿಯನ್ನು ಅತ್ತಿತ್ತ ತಿರುಗಿಸಿದೆ. ವ್ಯತ್ಯಾಸ ಕಣ್ಣಿಗೆ ಕಟ್ಟುವಷ್ಟು. ಹಳೇ ಕಡೆ ಸದ್ದು ಮುಖಕ್ಕೆ ಬಂದು ಒತ್ತುವಂತೆ, ಸ್ವಲ್ಪ ಮೂಗಿನಲ್ಲಿ ಮಾತಾಡುವಂತೆ. ಹೊಸ ಕಡೆ ಮಳೆ ಸುರಿದ ಹಾಗೆ ಸಮನಾಗಿ. ಎರಡೂ ಕಿವಿಗೆ ಅದಲುಬದಲಾಗಿ ಇಟ್ಟು ಕೇಳಿದ ಮೇಲೂ ಅದೇ.

ಚರ್ಮದಂಥ ರೆಕ್ಸಿನ್ ಪ್ಯಾಡನ್ನೂ ಹಾಕಿ ನೋಡಿದೆ. ವೆಲ್ವೆಟ್ ಉಸಿರಾಡುತ್ತದೆ, ಅದರ ನೂಲಿನ ನಡುವೆ ಗಾಳಿ ಸೋರಿ ತಗ್ಗಿನ ಬೇಸ್ ಸ್ವಲ್ಪ ಕಳೆದುಹೋಗುತ್ತದೆ. ರೆಕ್ಸಿನ್ ಮುದ್ರೆ ಒತ್ತಿದಂತೆ ಮುಚ್ಚುತ್ತದೆ. ಬೇಸ್ ಬಂತು ನಿಜ. ಅದರ ಜೊತೆಗೆ ಮಾತಿಗೆ ಡಬ್ಬಿಯೊಳಗಿನ ಛಾಯೆ, ಕಿವಿಯ ಹಿಂದೆ ಬೆವರು. ತಯಾರಕರು ಡ್ರೈವರನ್ನು ಶ್ರುತಿಗೊಳಿಸುವುದೇ ಅದರ ಜೊತೆಗೆ ಕೊಟ್ಟ ಪ್ಯಾಡನ್ನು ಲೆಕ್ಕಕ್ಕೆ ಹಿಡಿದು. ಬೇರೆ ಪ್ಯಾಡ್ ಹಾಕುವುದು ಬೇರೆ ಹೆಡ್‌ಫೋನ್ ಮಾಡಿದಂತೆಯೇ. ವೆಲ್ವೆಟ್ಟಿಗೇ ವಾಪಸ್ ಬಂದೆ. ವೆಲ್ವೆಟ್ ಬರೀ ಕೊಳೆಯಾಗಿದ್ದರೆ, ಚಪ್ಪಟೆಯಾಗಿರದಿದ್ದರೆ, ಮೆದು ಸೋಪಿನ ನೀರಿನಲ್ಲಿ ಅದ್ದಿ ತೊಳೆದು ಪೂರಾ ಒಣಗಿಸಿ ಹಾಕಿಕೊಳ್ಳಬಹುದು.

ಬಿಗಿ

ದವಡೆ ನೋವಿನ ಕಥೆ. ಎಷ್ಟು ಬಿಗಿ ಇದೆ ಎಂದು ತಿಳಿಯಲು ತೂಗುಹಾಕುವ ಸಣ್ಣ ತಕ್ಕಡಿ ಸಾಕು. ಒಂದು ಕಪ್ಪನ್ನು ಹಿಡಿದುಕೊಂಡು ಇನ್ನೊಂದನ್ನು ತಕ್ಕಡಿಯ ಕೊಕ್ಕೆಯಿಂದ ತಲೆಯಗಲದಷ್ಟು ಎಳೆದಾಗ ಬರುವ ಅಂಕಿ. ಕೆಲವು ತಯಾರಕರು ಈ ಒತ್ತಡವನ್ನು ನ್ಯೂಟನ್‌ನಲ್ಲಿ ಕೊಡುತ್ತಾರೆ. 2.5 ನ್ಯೂಟನ್ ಎಂದರೆ ಸುಮಾರು 255 ಗ್ರಾಂ ಎಳೆತ. ನನ್ನದು ಅದರ ಎರಡರಷ್ಟನ್ನೂ ಮೀರಿತ್ತು.

ಪುಸ್ತಕಗಳ ಕಟ್ಟಿನ ಮೇಲೆ ರಾತ್ರಿಯಿಡೀ ಹಿಗ್ಗಿಸಿ ಇಡುವುದು ಎಲ್ಲರೂ ಹೇಳುವ ಉಪಾಯ. ಅದು ಕೆಲಸ ಮಾಡುತ್ತದೆ, ಆದರೆ ಭಾರ ಬೀಳುವುದು ಪ್ಲಾಸ್ಟಿಕ್ ಕಮಾನಿನ ಮೇಲೆ. ನಾನು ಎರಡೂ ಬದಿಯ ಉಕ್ಕಿನ ಪಟ್ಟಿಯನ್ನು ಪೂರ್ತಿ ಹೊರಗೆಳೆದು, ಪಟ್ಟಿಯ ಭಾಗವನ್ನು ಮಾತ್ರ ಹೆಬ್ಬೆರಳುಗಳ ನಡುವೆ ಹಿಡಿದು ತುಸು ತುಸುವೇ ಬಗ್ಗಿಸಿದೆ. ಲೋಹ ಬಗ್ಗಿದಲ್ಲಿ ನಿಲ್ಲುತ್ತದೆ, ಪ್ಲಾಸ್ಟಿಕ್ ಮುರಿಯುವ ತನಕ ಹೇಳುವುದಿಲ್ಲ.

ಎಲ್ಲಿ ನಿಲ್ಲಿಸಬೇಕು ಎನ್ನುವುದನ್ನು ದವಡೆಯ ಜೊತೆ ಬೇಸನ್ನೂ ಕೇಳಬೇಕು. 40 ಹರ್ಟ್ಸ್ ಸ್ವರ ಹಾಕಿಕೊಂಡು ಎರಡೂ ಕಪ್ಪನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ಒತ್ತಿದಾಗ ಸದ್ದು ಜೋರಾಗಿ ಏರಿತೆಂದರೆ ಪ್ಯಾಡ್ ಸರಿಯಾಗಿ ಕೂರುತ್ತಿಲ್ಲ, ಸಡಿಲ ಹೆಚ್ಚಾಗಿದೆ. ಅತಿ ಸುಖದ ಹೆಡ್‌ಫೋನ್ ಬೇಸ್ ಇಲ್ಲದ ಹೆಡ್‌ಫೋನ್ ಆಗುವುದು ಹೀಗೆ. ಕನ್ನಡಕದವರಿಗೆ ಈ ಪರೀಕ್ಷೆ ಇನ್ನೂ ಮುಖ್ಯ. ಕನ್ನಡಕದ ಕಡ್ಡಿ ಪ್ಯಾಡನ್ನು ಎತ್ತಿ ಹಿಡಿದು ಸಂದು ಮಾಡುತ್ತದೆ. ನನ್ನ ದಪ್ಪ ಕಡ್ಡಿಯ ಕನ್ನಡಕದಲ್ಲಿ ಇಳಿತ ಸ್ಪಷ್ಟವಾಗಿ ಕೇಳುತ್ತಿತ್ತು, ತೆಳು ತಂತಿಯದರಲ್ಲಿ ಬಹುತೇಕ ಇಲ್ಲ. ಕನ್ನಡಕ ಹಾಕಿಕೊಂಡು ಕೇಳುವವರು ತೆಗೆದಿಟ್ಟು ಕೇಳಿ ವಿಮರ್ಶೆ ಬರೆದರೆ ಅದು ಬೇರೆ ಯಾವುದೋ ಹೆಡ್‌ಫೋನಿನ ವಿಮರ್ಶೆ.

ನೆತ್ತಿಯ ಮೆತ್ತೆಯನ್ನೂ ಬದಲಿಸಿದೆ. ಈ ಜೋಡಿ 260 ಗ್ರಾಂನ ಆಸುಪಾಸು, ಅಷ್ಟಕ್ಕೆ ಸಾಧಾರಣ ಮೆತ್ತೆ ಸಾಕು. ಅಯಸ್ಕಾಂತಗಳ ಸಾಲೇ ಇರುವ ಪ್ಲೇನಾರ್ ಜಾತಿಯವು ಹೆಚ್ಚಾಗಿ 400ರಿಂದ 600 ಗ್ರಾಂ ತೂಗುತ್ತವೆ. ಅವುಗಳಲ್ಲಿ ಅಗಲ ಪಟ್ಟಿ ಇಲ್ಲದಿದ್ದರೆ ನೆತ್ತಿಯ ಒಂದೇ ಬಿಂದುವಿಗೆ ಭಾರ ಬಿದ್ದು ಉರಿಯತೊಡಗುತ್ತದೆ. ಸುಖ ಅಳೆಯಲು ನನ್ನ ಕ್ರಮ ಬೇರೆ: ಹಾಡು ಹಾಕದೆ, ತಲೆಗೆ ಹಾಕಿಕೊಂಡು ಒಂದು ಗಂಟೆ ಏನಾದರೂ ಓದುವುದು. ಸಂಗೀತ ಇದ್ದರೆ ನೋವು ಮರೆತುಹೋಗುತ್ತದೆ, ಮೌನದಲ್ಲಿ ಒಂದೊಂದು ಒತ್ತೂ ತಾನಾಗಿ ಮಾತಾಡುತ್ತದೆ. ನಡುವೆ ಆಕಳಿಸಿ, ಬಗ್ಗಿ ಏನಾದರೂ ಎತ್ತಿಕೊಳ್ಳಿ. ಜಾರುತ್ತದೆಯೋ ಇಲ್ಲವೋ ಆಗ ತಿಳಿಯುತ್ತದೆ.

ಇನ್ನು ಧ್ವನಿಯ ತೀರ್ಪು

ಮೂಲ, ಅಂದರೆ ಹೆಡ್‌ಫೋನಿಗೆ ಸಂಕೇತ ಕೊಡುವ ಆಂಪ್ಲಿಫೈಯರ್, ಮೊದಲು. ಡೈನಾಮಿಕ್ ಡ್ರೈವರಿನ ಪ್ರತಿರೋಧ ಎಲ್ಲ ಸ್ವರಕ್ಕೂ ಒಂದೇ ಇರುವುದಿಲ್ಲ. ಈ ಜಾತಿಯವು ಅನುರಣನದ ಹತ್ತಿರ, 100 ಹರ್ಟ್ಸ್ ಆಸುಪಾಸಿನಲ್ಲಿ, 300ರಿಂದ 500 ಓಮ್‌ವರೆಗೂ ಏರುತ್ತವೆ. ಹಳೇ ಆಂಪ್ಲಿಫೈಯರುಗಳಲ್ಲಿ ಕಾಣುವ 120 ಓಮ್ ಔಟ್‌ಪುಟ್‌ಗೆ ಸಿಕ್ಕಿಸಿದರೆ ಆ ಜಾಗದಲ್ಲಿ ಸುಮಾರು 1 ಡೆಸಿಬಲ್ ಹೆಚ್ಚುತ್ತದೆ. ದೊಡ್ಡದಲ್ಲ, ಆದರೆ "ಈ ಆಂಪ್ ಬೆಚ್ಚಗಿದೆ" ಎಂಬ ಮಾತಿಗೆ ಸಾಕು. ನಾನು ಔಟ್‌ಪುಟ್ ಪ್ರತಿರೋಧ ತೀರಾ ಕಡಿಮೆ ಇರುವುದರಲ್ಲಿ ಕೇಳಿದೆ.

ಎಡ ಬಲ ಹೊಂದಾಣಿಕೆಯನ್ನು ಅಂಕಿಯಲ್ಲೂ ನೋಡಬೇಕೆನಿಸಿ, ದಪ್ಪ ರಟ್ಟಿನ ನಡುವೆ ತೂತು ಕೊರೆದು ಸಣ್ಣ ಮೈಕ್ ಕೂರಿಸಿ ಅದರ ಮೇಲೆ ಕಪ್ ಇಟ್ಟು ಅಳೆದೆ. ಇಂಥ ರಟ್ಟಿನ ಅಳತೆ ನಿಜವಾದ ಕಿವಿಯದಲ್ಲ, ಎರಡು ಕಪ್ಪನ್ನು ಒಂದಕ್ಕೊಂದು ಹೋಲಿಸಲು ಮಾತ್ರ ನಂಬಬಹುದು. ರಿಪೇರಿಗೆ ಮುಂಚೆ ಎಡದಲ್ಲಿ ತಗ್ಗು ಕುಸಿದು ಮೇಲು ಎದ್ದಿತ್ತು. ಈಗ ಎರಡು ಗೆರೆಗಳೂ ಬಹುಪಾಲು ಒಂದರ ಮೇಲೊಂದು.

ಟ್ರೆಬಲ್ ಬಗ್ಗೆ ಒಂದು ಎಚ್ಚರ. ಕಪ್ಪನ್ನು ಕೆಲವೇ ಮಿಲಿಮೀಟರ್ ಹಿಂದೆ ಮುಂದೆ ಸರಿಸಿದರೂ ಕಿವಿಯ ಹಾಲೆಯ ಮಡಿಕೆಗಳಲ್ಲಿ ಧ್ವನಿ ಪುಟಿಯುವ ರೀತಿ ಬದಲಾಗಿ ಮೇಲಿನ ಏರಿಳಿತಗಳು ಜಾಗ ಬದಲಿಸುತ್ತವೆ. ಒಂದೇ ಸಲ ಹಾಕಿಕೊಂಡು "8 ಕಿಲೋಹರ್ಟ್ಸ್ ಚುಚ್ಚುತ್ತದೆ" ಎಂದು ಬರೆಯುವವರನ್ನು ನಾನು ನಂಬುವುದಿಲ್ಲ. ತೆಗೆದು, ಹಾಕಿ, ಮತ್ತೆ ತೆಗೆದು ಹಾಕಿ ಕೇಳಿದಾಗಲೂ ಉಳಿಯುವ ಚೂಪು ಮಾತ್ರ ಹೆಡ್‌ಫೋನಿನದು. ಇದರಲ್ಲಿ ಸಕಾರ ಈಗ ನಡುವೆಯೇ ನಿಲ್ಲುತ್ತದೆ, ಚುಚ್ಚುವುದಿಲ್ಲ. ಚಪ್ಪಾಳೆಯ ಧ್ವನಿಮುದ್ರಣದಲ್ಲಿ ಒಂದೊಂದು ಕೈಯೂ ಬಿಡಿಬಿಡಿಯಾಗಿ ಕೇಳುತ್ತದೆ, ಎಣ್ಣೆ ಕಾದ ಸದ್ದಿನಂತೆ ಕಲಸಿಕೊಳ್ಳುವುದಿಲ್ಲ. ತಂಬೂರಿಯ ಮೀಟು ಮುಗಿದ ಮೇಲೆ ಮೇಲಿನ ಸ್ವರಾಂಶಗಳು ಒಂದೊಂದಾಗಿ ಹೊರಬಿದ್ದು ಕರಗುವುದು ಈ ಜಾತಿಯ ಹೆಡ್‌ಫೋನಿನ ದೊಡ್ಡ ಸುಖ, ಅದು ಪೂರಾ ವಾಪಸ್ ಬಂದಿದೆ.

ವಿಶಾಲತೆಯ ಬಗ್ಗೆ ಜಾಹೀರಾತುಗಳಷ್ಟು ಉತ್ಸಾಹ ನನಗಿಲ್ಲ. ಹಿಂದಿನ ಸದ್ದು ಡಬ್ಬಿಯಲ್ಲಿ ಸಿಕ್ಕಿಕೊಂಡು ತಿರುಗಿ ಕಿವಿಗೆ ಬರುವುದಿಲ್ಲ, ಕೋಣೆಯ ಗಾಳಿ ಮುಚ್ಚಿಹೋಗುವುದಿಲ್ಲ, ಹಾಗಾಗಿ ತಲೆ ಹಗುರ ಅನ್ನಿಸುತ್ತದೆ. ಗ್ರಿಲ್ ಮೇಲೆ ಅಂಗೈ ಇಟ್ಟು ತೆಗೆದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಆದರೆ ಹಾಡುಗಾರ ಎದುರಿಗೆ ಹತ್ತಡಿ ದೂರ ನಿಂತ ಹಾಗೇನೂ ಕೇಳಿಸದು. ಸ್ಪೀಕರಿನಲ್ಲಿ ಎಡದ ಸದ್ದು ಬಲಗಿವಿಗೂ ಹೋಗುತ್ತದೆ, ಇಲ್ಲಿ ಹೋಗುವುದಿಲ್ಲ. 1968ರಲ್ಲಿ ಸೆನ್‌ಹೈಸರ್ ಕಂಪನಿಯ ಎಚ್‌ಡಿ 414 ಓಪನ್ ಹೆಡ್‌ಫೋನಿಗೆ ದಾರಿ ಮಾಡಿಕೊಟ್ಟಾಗಿನಿಂದ ಈ ಮಿತಿ ಇದ್ದೇ ಇದೆ.

ಕೊರತೆ ಇರುವುದು 50 ಹರ್ಟ್ಸ್ ಕೆಳಗೆ. ಹೊಸ ಪ್ಯಾಡ್, ಸರಿಯಾದ ಬಿಗಿ ಎಲ್ಲ ಆದ ಮೇಲೂ ಅಲ್ಲಿ ಇಳಿತ ಇದೆ, ಅದು ದೋಷವಲ್ಲ, ಹಿಂಬದಿ ತೆರೆದ ಡೈನಾಮಿಕ್ ಡ್ರೈವರಿನ ಸ್ವಭಾವ. ಆಡಿಯೋ ಕಂಪನಿ ಹಾರ್ಮನ್‌ನಲ್ಲಿ ಶಾನ್ ಓಲಿವ್ ಮತ್ತು ಸಂಗಡಿಗರು ಕೇಳುಗರನ್ನು ಕೂರಿಸಿ, ಹೆಡ್‌ಫೋನ್ ಹೇಗೆ ಕೇಳಬೇಕು ಎಂದು ರೂಪಿಸಿದ ಗುರಿಗೆರೆಯಲ್ಲಿ ಬೇಸ್ ಸ್ವಲ್ಪ ಎತ್ತರದಲ್ಲೇ ಇದೆ, ಅಂದರೆ ಹೆಚ್ಚಿನವರಿಗೆ ಅಷ್ಟು ಬೇಕು. ನಾನು ಈಕ್ವಲೈಸರಿನಲ್ಲಿ ತಗ್ಗನ್ನು 4 ಡೆಸಿಬಲ್ ಎತ್ತಿ, ಒಟ್ಟು ಮಟ್ಟವನ್ನು ಅಷ್ಟೇ ಇಳಿಸಿದ್ದೇನೆ. ಅದಕ್ಕಿಂತ ಮೇಲೆ ಹೋದರೆ ಡಯಾಫ್ರಮ್ ತಿಣುಕುವುದು ಕೇಳುತ್ತದೆ. ಎತ್ತಿದ್ದು ಮತ್ತು ಎತ್ತದ್ದರ ನಡುವೆ ಹೋಲಿಸುವಾಗ ಸದ್ದಿನ ಮಟ್ಟ ಸಮ ಮಾಡಿಕೊಳ್ಳದಿದ್ದರೆ ಜೋರಿದ್ದದ್ದೇ ಗೆಲ್ಲುತ್ತದೆ.

ಇದನ್ನು ಗದ್ದಲದ ಜಾಗದಲ್ಲಿ ಬಳಸುವಂತಿಲ್ಲ. ಫ್ಯಾನಿನ ಸದ್ದೂ ನೇರ ಒಳಗೆ ಬರುತ್ತದೆ, ಅದನ್ನು ಮುಚ್ಚಲು ಕೈ ತಾನಾಗಿ ವಾಲ್ಯೂಮ್ ಏರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್. 3 ಡೆಸಿಬಲ್ ಏರಿದರೆ ಗಂಟೆಗಳ ಲೆಕ್ಕ ಅರ್ಧಕ್ಕಿಳಿಯುತ್ತದೆ. ಪಕ್ಕದಲ್ಲಿ ಕೂತವರಿಗೆ ಹಾಡು ಪೂರಾ ಕೇಳುತ್ತದೆ, ಅದು ಬೇರೆ ಜಗಳ.

ಬಾಕಿ ಇರುವುದು ಬಲ ಕಪ್ಪಿನ ಗ್ರಿಲ್ ಮೇಲಿನ ಗೀರು. ಬಣ್ಣ ಬಳಿದರೆ ಜಾಲರಿಯ ಕಣ್ಣು ಮುಚ್ಚಿಕೊಳ್ಳುತ್ತದೆ. ಅದನ್ನು ಹಾಗೇ ಬಿಟ್ಟಿದ್ದೇನೆ.